ನನ್ನ ಗಂಡನ ತಲೆ, ಅವರ ದೋಸ್ತನ ಆಟ

ಮದುವೆಯಾಗಿ ಬನಹಟ್ಟಿಗೆ ಬಂದ ವರ್ಷವೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಬೇರೆ ಹೆಣ್ಣಿನ ಮೇಲಲ್ಲ, ನನ್ನ ಗಂಡನ ದೋಸ್ತನ ಮೇಲೆ. ಅವನು ಚಿಮ್ಮಡದವನು. ತೆಳ್ಳನೆಯ ಮೈ, ಉದ್ದ ಕಾಲು, ಎಲ್ಲಿಗೋ ಓಡಲು ನಿಂತವನ ಹಾಗೆ ಹಿಮ್ಮಡಿ ಎತ್ತಿಕೊಂಡೇ ಇರುತ್ತಿದ್ದ. ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಕಲಿತು, ಒಂದೇ ಮಣ್ಣಿನ ಅಂಕಣದಲ್ಲಿ ಕಬಡ್ಡಿ ಆಡಿ ದೊಡ್ಡವರಾದವರು. ಮದುವೆಯಲ್ಲಿ ಅರಿಶಿನ ಹಚ್ಚುವಾಗಲೂ ನನ್ನ ಗಂಡ ಅವನೆಲ್ಲಿದ್ದಾನೆಂದು ಹುಡುಕುತ್ತಿದ್ದರಂತೆ. ಅದನ್ನು ಅತ್ತೆ ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ಮೊದಲ ಪಂಚಮಿಗೆ ನಾನು ಮುಧೋಳದ ತವರಿಗೆ ಹೋಗಿದ್ದೆ. ಕರೆಯಲು ಬರುತ್ತೇನೆ ಎಂದಿದ್ದ ಗಂಡ ಮುಧೋಳಕ್ಕೆ ಬಂದದ್ದು ಖರೆ, ಆದರೆ ಬಂದದ್ದು ಅಲ್ಲಿಯ ಟೂರ್ನಮೆಂಟಿಗೆ. ಆಟ ಮುಗಿದ ಮೇಲೆ ಇಬ್ಬರೂ ಮನೆಗೆ ಬಂದರು. ನನ್ನವರ ಹುಬ್ಬು ಊದಿ ಕಣ್ಣು ಅರ್ಧ ಮುಚ್ಚಿತ್ತು. ದೋಸ್ತನ ಮೈಮೇಲೆ ಒಂದು ಗೀರೂ ಇರಲಿಲ್ಲ. ನಮ್ಮವ್ವ ಕೊಟ್ಟ ಶೇಂಗಾ ಉಂಡಿ ತಿನ್ನುತ್ತ ಅವನು ಎಲ್ಲರನ್ನೂ ನಗಿಸುತ್ತಿದ್ದ. ಇದೇನೆಂದು ಒಳಗೆ ಕರೆದು ಕೇಳಿದರೆ ನನ್ನವರು ಹೇಳಿದ್ದು ಇಷ್ಟೇ: "ಅಂವಗ ಮೊಣಕೈಲೆ ಹೊಡದ್ರು. ನಾ ಸುಮ್ಮನ ನಿಂದರಬೇಕೇನು?"

ಅವರ ಆಟ ನನಗೆ ನಿಧಾನಕ್ಕೆ ಅರ್ಥವಾಯಿತು. ದೋಸ್ತ ರೇಡರ್, ಎದುರಿನವರ ಅಂಕಣಕ್ಕೆ ಹೋಗಿ ಮುಟ್ಟಿ ಬರುವವನು, ಜನ ಶಿಳ್ಳೆ ಹೊಡೆಯುವುದು ಅವನಿಗೆ. ನನ್ನವರು ಎಡಗಡೆಯ ಕಾರ್ನರ್; ಬಂದವನ ಕಣಕಾಲಿಗೆ ಧುಮುಕಿ ಹಿಡಿಯುವವರು. ಹಾಗೆ ಧುಮುಕುವಾಗ ತಲೆಯೇ ಮುಂದಿರುತ್ತದೆ. ಬಿಡಿಸಿಕೊಳ್ಳುವವನ ಮೊಣಕಾಲು ಬಡಿಯುವುದೂ ಅದಕ್ಕೇ. ಇದರ ಜೊತೆಗೆ ಯಾವ ನಿಯಮದಲ್ಲೂ ಇಲ್ಲದ ಇನ್ನೊಂದು ಕೆಲಸ ಅವರಿಗಿತ್ತು. ದೋಸ್ತನಿಗೆ ಬೇಕೆಂದೇ ಯಾರಾದರೂ ಪೆಟ್ಟು ಕೊಟ್ಟರೆ, ಮುಂದಿನ ಸರದಿಯಲ್ಲಿ ಅದನ್ನು ತಿರುಗಿಸಿ ಕೊಡುವುದು. ಅವರು ಅಂಕಣದಲ್ಲಿದ್ದರೆ ದೋಸ್ತನ ಮೈಗೆ ಕೈ ಹಚ್ಚಲು ಎದುರಿನವರು ಅಂಜುತ್ತಿದ್ದರಂತೆ. ಅದನ್ನು ನನ್ನ ಗಂಡ ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಜ್ವರ ಬಂದಾಗ ಗುಳಿಗೆ ತರಲು ಮರೆಯುವ ಮನುಷ್ಯ, ಅವನಿಗೆ ಯಾರು ಎಲ್ಲಿ ಗುದ್ದಿದರೆಂಬುದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಿದ್ದರು.

ಮುಂದೆ ದೊಡ್ಡ ಲೀಗಿನ ಒಂದು ತಂಡ ಅವನನ್ನು ಆರಿಸಿಕೊಂಡಿತು. ಅವನು ಅಲ್ಲಿಯ ಕೋಚ್‌ನ ಬೆನ್ನು ಹತ್ತಿ ನನ್ನವರನ್ನೂ ಕರೆಸಿಕೊಂಡ. ಊರೆಲ್ಲ ಅವನ ದೊಡ್ಡ ಮನಸ್ಸನ್ನು ಹೊಗಳಿತು. ಅವನಿಗೆ ಅಲ್ಲಿಯೂ ಒಬ್ಬ ಕಾವಲಿನವನು ಬೇಕಿದ್ದ ಎಂದು ನನಗೆ ಅನ್ನಿಸಿತು. ನಾನು ಜಮಖಂಡಿಯ ಶಾಲೆಯಲ್ಲಿ ಗಣಿತ ಕಲಿಸಿ, ಬಸ್ಸಿನಲ್ಲಿ ಬನಹಟ್ಟಿಗೆ ಮರಳಿ, ಅತ್ತೆಯ ಜೊತೆ ಟಿವಿ ಮುಂದೆ ಕೂರುತ್ತಿದ್ದೆ. ಪರದೆಯ ತುಂಬ ಅವನ ಮುಖ. ನನ್ನ ಗಂಡ ಕಾಣುವುದು ಆಳುಗಳ ರಾಶಿಯ ಎಲ್ಲಕ್ಕಿಂತ ಕೆಳಗೆ. ಎದ್ದ ಮೇಲೆ ಅವರು ಮೊದಲು ತಿರುಗಿ ನೋಡುತ್ತಿದ್ದುದು ಅವನ ಕಡೆಗೆ. ಅವನು ಬೆನ್ನು ತಟ್ಟಿದರೆ ಇವರ ಮುಖ ಅರಳುತ್ತಿತ್ತು. ಆ ಅರಳುವಿಕೆಯನ್ನು ನಾನು ಮನೆಯಲ್ಲಿ ಕಂಡದ್ದು ಕಡಿಮೆ.

ಎರಡನೆಯ ಸೀಸನ್ ಮುಗಿಸಿ ಬಂದಾಗ ಅವರು ಬದಲಾಗಿದ್ದರು. ಬಿಸಿಲಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳುವುದು, ಹೇಳುತ್ತಿದ್ದ ಮಾತನ್ನು ನಡುವೆಯೇ ಬಿಡುವುದು, ಸಣ್ಣದಕ್ಕೆ ಸಿಡಿಮಿಡಿಗೊಳ್ಳುವುದು. ಮನೆಯ ಮಗ್ಗಕ್ಕೆ ನೂಲು ತರಲು ರಬಕವಿಗೆ ಹೋದವರು ಯಾಕೆ ಬಂದೆನೆಂದು ಗೊತ್ತಾಗದೆ ಹೊಳೆಯ ದಂಡೆಯಲ್ಲಿ ಕುಳಿತು ವಾಪಸು ಬಂದರು. ದಣಿವು ಎಂದರು ಅತ್ತೆ. ನಾನೂ ನಂಬಿದೆ. ಡಾಕ್ಟರ ಹತ್ತಿರ ಹೋಗೋಣವೆಂದರೆ ದೋಸ್ತನನ್ನು ಕೇಳಿ ಹೇಳುತ್ತೇನೆ ಎಂದರು. ಗಂಡನಿಗೆ ತಲೆನೋವು ಬಂದರೆ ದವಾಖಾನೆಗೆ ಹೋಗಲು ಇನ್ನೊಬ್ಬನ ಅಪ್ಪಣೆ ಬೇಕೇ ಎಂದು ನಾನು ಎರಡು ದಿನ ಮಾತು ಬಿಟ್ಟೆ.

ಆ ಬೇಸಿಗೆ ಜಮಖಂಡಿಯಲ್ಲಿ ಒಂದು ಹೊನಲು ಬೆಳಕಿನ ಪಂದ್ಯಾವಳಿ ಇತ್ತು. ಫೈನಲ್ಲಿಗೆ ನಾನೂ ಹೋಗಿದ್ದೆ. ಎದುರು ತಂಡದ ಒಬ್ಬ ದಡೂತಿ ರೇಡರನ ಕಾಲಿಗೆ ನನ್ನವರು ಧುಮುಕಿದರು, ಅವನ ಮೊಣಕಾಲು ಇವರ ಕಿವಿಯ ಮೇಲೆ ಬಿತ್ತು. ಕೈ ಬಿಡದೆ ಹಿಡಿದೇ ಇದ್ದರು, ಪಾಯಿಂಟ್ ಸಿಕ್ಕಿತು, ಜನ ಕುಣಿದರು. ಎದ್ದವರು ನೇರ ಎದುರಾಳಿಗಳ ಕಡೆಗೆ ಹೋಗಿ ಅವರ ಸಾಲಿನಲ್ಲಿ ನಿಂತರು. ಎಲ್ಲರೂ ನಕ್ಕರು. ಅವರದು ತಮಾಷೆ ಎಂದುಕೊಂಡರು. ಮುಖಕ್ಕೆ ನೀರು ಚಿಮುಕಿಸಿ, ಸ್ಪ್ರೇ ಹೊಡೆದು, ಮತ್ತೆ ಕಾರ್ನರಿಗೆ ನಿಲ್ಲಿಸಿದರು.

ಆಮೇಲೆ ದೋಸ್ತ ರೇಡಿಗೆ ಹೋದ. ಅವನನ್ನು ಇಬ್ಬರು ಎತ್ತಿ ಅಂಕಣದ ಆಚೆ ಒಗೆದರು, ಬಿದ್ದವನ ಪಕ್ಕೆಗೆ ಒಬ್ಬ ಒದ್ದ. ನನ್ನವರು ಓಡಿದರು. ಕೈ ಎತ್ತಿದ್ದನ್ನು ನೋಡಿದೆ. ಹೊಡೆಯುವ ಮೊದಲೇ ಮರ ಕಡಿದಂತೆ ಬಿದ್ದರು, ಬೀಳುವಾಗ ಕೈ ಊರಲೂ ಇಲ್ಲ.

ನಾನು ಚಪ್ಪಲಿ ಹಾಕಿಕೊಂಡೇ ಮ್ಯಾಟಿನ ಮೇಲೆ ಹೋದೆ. ನಾನು ತಲುಪುವ ಮೊದಲೇ ದೋಸ್ತ ಅವರ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕಕ್ಕೆ ಸರಿ ಎಂದರೂ ಸರಿಯಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ಮೆದುಳಿನ ಹೊರಗೆ ರಕ್ತ ಸೋರಿದೆ ಎಂದರು. ಆಪರೇಷನ್ ಬೇಕಾಗಲಿಲ್ಲ, ಔಷಧಿಯಲ್ಲೇ ನಿಂತಿತು. ಡಾಕ್ಟರು ವಯಸ್ಸಾದ ಹೆಣ್ಣುಮಗಳು, ಸಮಾಧಾನದ ಮಾತು. ಇದು ಮೊದಲನೆಯ ಪೆಟ್ಟಲ್ಲ ಎಂದರು. ಹಿಂದೆ ಯಾವಾಗ ತಲೆಗೆ ಬಿದ್ದಿತ್ತು, ಎಚ್ಚರ ತಪ್ಪಿತ್ತೇ, ವಾಂತಿಯಾಗಿತ್ತೇ ಎಂದು ನನ್ನನ್ನು ಕೇಳಿದರು. ನಾನು ಹೆಂಡತಿ. ಮುಧೋಳದಲ್ಲಿ ಊದಿದ ಹುಬ್ಬು ಬಿಟ್ಟರೆ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ದೋಸ್ತ ಹೇಳತೊಡಗಿದ. ಮುಧೋಳದಲ್ಲಿ ಹುಬ್ಬಿಗೆ ಬಿದ್ದದ್ದು. ಲೀಗಿನ ಕ್ಯಾಂಪಿನಲ್ಲಿ ಒಂದು ಗಳಿಗೆ ಎಚ್ಚರ ತಪ್ಪಿದ್ದು. ಆಟ ಮುಗಿಸಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡದ್ದು. ಒಂದು ದಿನವಿಡೀ ತನ್ನ ಊರ ಹೆಸರು ಬಾಯಿಗೆ ಬರದೆ ಅತ್ತದ್ದು. ಡಾಕ್ಟರು ಬರೆದುಕೊಳ್ಳುತ್ತ ಹೋದರು. ನನ್ನ ಗಂಡ ಅತ್ತಿದ್ದರು. ನನ್ನ ಮುಂದೆ ಒಮ್ಮೆಯೂ ಅಳದವರು ಅವನ ಮುಂದೆ ಅತ್ತಿದ್ದರು. ಆ ಹೊತ್ತಿನಲ್ಲಿ ರಕ್ತ ಸೋರಿದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಇನ್ನೆಂದೂ ಆಡಕೂಡದು, ಇನ್ನೊಂದು ಪೆಟ್ಟು ಬಿದ್ದರೆ ಹೊಣೆ ಯಾರದೂ ಅಲ್ಲ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು.

ಬನಹಟ್ಟಿಯಲ್ಲಿ ಅವರಿಗೆ ಇರಲಾಗಲಿಲ್ಲ. ನಮ್ಮ ಮನೆಯಲ್ಲಿ ಪವರ್‌ಲೂಮ್, ಪಕ್ಕದ ಮನೆಯಲ್ಲಿ ಪವರ್‌ಲೂಮ್, ಓಣಿಯುದ್ದಕ್ಕೂ ಅದೇ ಖಟಪಟ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿದವರು ಈಗ ಕಿವಿಗೆ ದಿಂಬು ಒತ್ತಿಕೊಂಡು ನರಳುತ್ತಿದ್ದರು. ಅತ್ತೆ ಮಗ್ಗ ನಿಲ್ಲಿಸಿದರು, ಆದರೆ ಓಣಿಯನ್ನು ನಿಲ್ಲಿಸುವವರು ಯಾರು? ನಾನು ಜಮಖಂಡಿಯಲ್ಲಿ ಶಾಲೆಗೆ ಹತ್ತಿರ ಒಂದು ಬಾಡಿಗೆ ಮನೆ ಹಿಡಿದು ಅವರನ್ನು ಕರೆದುಕೊಂಡು ಹೋದೆ. ದೋಸ್ತ ಅಷ್ಟರಲ್ಲಿ ಲೀಗಿಗೆ ಹೊರಟುಹೋಗಿದ್ದ. ಮನೆಯಲ್ಲಿ ನಾವಿಬ್ಬರೇ. ಇನ್ನಾದರೂ ಇವರು ನನ್ನವರು ಎಂದುಕೊಂಡೆ.

ಆದರೆ ದಿನಾ ಬೆಳಿಗ್ಗೆ ಎದ್ದು ಅವರು ಕೇಳುತ್ತಿದ್ದುದು ದೋಸ್ತ ಎಲ್ಲಿ ಎಂದು. ನಾನು ಹೇಳಿದ್ದು ಮಧ್ಯಾಹ್ನಕ್ಕೆ ಮರೆತುಹೋಗುತ್ತಿತ್ತು. ಒಲೆಯ ಮೇಲಿಟ್ಟ ಹಾಲು ಮರೆಯುತ್ತಿದ್ದರು. ನಮ್ಮ ಮದುವೆ ಯಾವ ಊರಲ್ಲಾಯಿತೆಂದು ಕೇಳಿದರೆ ತಡವರಿಸುತ್ತಿದ್ದರು. ದೋಸ್ತ ಹೈಸ್ಕೂಲಿನಲ್ಲಿ ಹಾಕಿಕೊಂಡಿದ್ದ ಹರಿದ ಬನಿಯನ್ನಿನ ಬಣ್ಣ ಮಾತ್ರ ನೆನಪಿತ್ತು. ಪೆಟ್ಟು ತಿಂದ ಮೆದುಳು ಏನನ್ನು ಇಟ್ಟುಕೊಳ್ಳಬೇಕೆಂದು ತಾನೇ ಆರಿಸುತ್ತದೆಯೇ ಎಂದು ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. ಹಳೆಯದು ಗಟ್ಟಿಯಾಗಿ ಕೂತಿರುತ್ತದಮ್ಮ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಹಚ್ಚಿಕೊಂಡೆ.

ಸ್ವಲ್ಪ ಹೊತ್ತು ಫೋನು ನೋಡಬಹುದೆಂದು ಡಾಕ್ಟರು ಒಪ್ಪಿದ ಮೇಲೆ, ಒಂದು ಮಧ್ಯಾಹ್ನ ಅವರು ನನ್ನನ್ನು ಕರೆದು ಒಂದು ವಿಡಿಯೋ ತೋರಿಸಿದರು. ಯಾವುದೋ ತಂಪು ದೇಶದ ಆಟ. ನೆಲವೆಲ್ಲ ಹಿಮಗಡ್ಡೆ, ಕಾಲಿಗೆ ಬ್ಲೇಡಿನ ಬೂಟು, ಕೈಯಲ್ಲಿ ಬಾಗಿದ ಕೋಲು. ಐಸ್ ಹಾಕಿ ಅಂತೆ. ಸಣ್ಣ ಮೈಯ ಒಬ್ಬ ಗೋಲಿನ ಹತ್ತಿರ ನುಗ್ಗಿದಾಗ ಯಾರೋ ಅವನನ್ನು ಗೋಡೆಗೆ ಒತ್ತಿದರು. ಕೂಡಲೇ ದೊಡ್ಡ ಆಳೊಬ್ಬ ಕೈಗವಸು ಕಳಚಿ ಎಸೆದು ಗುದ್ದಾಟಕ್ಕೆ ನಿಂತ. ರೆಫರಿಗಳು ತಕ್ಷಣ ಬಿಡಿಸಲಿಲ್ಲ, ಸುತ್ತ ನಿಂತು ನೋಡಿದರು. ಜನ ಎದ್ದು ನಿಂತು ಕೂಗಿದರು.

"ಈ ದೊಡ್ಡ ಮನಶ್ಯಾ ಗೋಲ್ ಹೊಡ್ಯಾಂವಲ್ಲ," ಎಂದರು ನನ್ನ ಗಂಡ. "ಆ ಸಣ್ಣಾಂವನ್ನ ಕಾಯಾಕ ಇಟ್ಟಾರ. ನನ್ನಂಗನ."

"ಅವನ ಹೇಣ್ತಿ ಎಲ್ಲಿ ಕುಂತಿರತಾಳರಿ?" ಎಂದು ಕೇಳಿದೆ.

ಅವರು ಬಹಳ ಹೊತ್ತು ಪರದೆಯಲ್ಲಿ ಹುಡುಕಿದರು, ನಾನು ಖರೆಯಾಗಿಯೇ ಕೇಳಿದೆನೆಂಬ ಹಾಗೆ.

ಆಮೇಲೆ ದಿನಾ ಅದೇ ಆಟ ನೋಡಿದೆವು. ಹಾಗೆ ಬಡಿದಾಡಿಯೇ ಹೊಟ್ಟೆ ಹೊರೆದವರಲ್ಲಿ ಕೆಲವರು ಮುಂದೆ ಮರೆವಿಗೆ, ಮಂಕಿಗೆ ಬಿದ್ದರಂತೆ. ಕೆಲವರು ವಯಸ್ಸಿಗೆ ಮೊದಲೇ ಹೋದರಂತೆ. ಈಗ ಅಲ್ಲಿ ತಲೆಗೆ ಪೆಟ್ಟು ಬಿದ್ದವನನ್ನು ಒಳಗೆ ಕರೆದೊಯ್ದು ಡಾಕ್ಟರು ಪರೀಕ್ಷೆ ಮಾಡುತ್ತಾರೆ, ಅವರು ಹೂಂ ಅನ್ನುವ ತನಕ ಅವನು ಆಡುವಂತಿಲ್ಲ. ಇದನ್ನು ನೋಡಿದ ದಿನ ನನ್ನವರು ಫೋನು ಬೋರಲು ಹಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ದೋಸ್ತ ಲೀಗು ಮುಗಿಸಿ ನೇರ ನಮ್ಮ ಮನೆಗೆ ಬಂದ. ಅವನ ಧ್ವನಿ ಕೇಳುತ್ತಲೇ ನನ್ನ ಗಂಡ ಎದ್ದು, ಅಂಗಿ ಬದಲಿಸಿ, ತಲೆ ಬಾಚಿಕೊಂಡು ಹೊರಗೆ ಬಂದರು. ಎಷ್ಟೋ ದಿನಗಳಿಂದ ನಾನು ಬೇಡಿಕೊಂಡರೂ ಬಾಚಿಕೊಳ್ಳದ ತಲೆ. ಚಹಾ ಕೊಟ್ಟು, ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಕೇಳಿದೆ.

"ನಿಮಗ ಮೊದಲ ಗೊತ್ತಿತ್ತು. ನನಗ ಯಾಕ ಹೇಳಲಿಲ್ಲ?"

ಅವನು ಕಪ್ಪು ಕೆಳಗಿಟ್ಟ. "ಹೇಳಿದ್ರ ನೀವು ಆಡಾಕ ಬಿಡ್ತಿರಲಿಲ್ಲರಿ ವೈನಿ. ಅಂವ ಇಲ್ಲಂದ್ರ ರೇಡಿಗೆ ಹೋಗಾಕ ನನಗ ಅಂಜಿಕಿ."

"ನಿಮ್ಮ ಅಂಜಿಕಿಗೆ ನನ್ನ ಗಂಡನ ತಲಿ ಬೇಕಿತ್ತೇನು?"

ಅವನು ಚಹಾವನ್ನು ಅಲ್ಲೇ ಬಿಟ್ಟ. ಹೊರಗೆ ನನ್ನ ಗಂಡ ಅವನ ಹೆಸರು ಹಿಡಿದು ಕೂಗುತ್ತಿದ್ದರು.

ಆ ಮಾತು ಅವನಿಗೆ ನಾಟಿತೋ, ಲೀಗಿನಲ್ಲಿ ಏನಾದರೂ ಆಗಿತ್ತೋ ತಿಳಿಯದು. ಮುಂದಿನ ತಿಂಗಳು ಬೀಳಗಿಯಲ್ಲಿ ಪಂದ್ಯಾವಳಿ ಇಟ್ಟಾಗ ಅವನು ಸಂಘಟಕರಿಗೆ ಒಂದು ಷರತ್ತು ಹಾಕಿದ. ಮ್ಯಾಟಿನ ಬದಿಗೆ ಡಾಕ್ಟರು ಇರಬೇಕು, ತಲೆಗೆ ಪೆಟ್ಟು ಬಿದ್ದವನು ಡಾಕ್ಟರು ಒಪ್ಪದೆ ಮರಳಿ ಇಳಿಯಬಾರದು, ಬೇಕೆಂದೇ ಹೊಡೆದವನು ಪಂದ್ಯದಿಂದಲೇ ಹೊರಗೆ. ಇದೇನು ಸಾಲಿ ಹುಡುಗರ ಆಟವೇ ಎಂದು ಅವರು ಗೊಣಗಿದರು. ಅವನಿಲ್ಲದೆ ಜನ ಬರುವುದಿಲ್ಲವಾದ್ದರಿಂದ ಒಪ್ಪಿದರು. ಪೆಟ್ಟು ಬಿದ್ದದ್ದನ್ನು ಗುರುತಿಸಿ ಡಾಕ್ಟರಿಗೆ ಹೇಳಲು ಒಬ್ಬ ಆಟ ಬಲ್ಲವನು ಬೇಕು ಎಂದು ನನ್ನ ಗಂಡನನ್ನು ಕೂರಿಸಿದ. ನನ್ನನ್ನು ಕೇಳಿಯೇ ಕೂರಿಸಿದ, ಅದು ಮೊದಲ ಸಲ.

ಹಾಲು ಮರೆಯುವ ಮನುಷ್ಯ ಅಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದರು. ಪೆಟ್ಟು ಬಿದ್ದ ಇಬ್ಬರನ್ನು ಹೊರಗೆ ಕರೆಸಿದರು. ಫೈನಲ್ಲಿನಲ್ಲಿ ದೋಸ್ತನ ಗದ್ದಕ್ಕೆ ಒಬ್ಬನ ತಲೆ ಬಡಿಯಿತು. ದೋಸ್ತ ಎದ್ದ, ಅಂಗಿ ಸರಿಮಾಡಿಕೊಂಡು ಆಡಲು ನಿಂತ. ಆದರೆ ಹೆಜ್ಜೆ ಒಂದು ಕಡೆಗೆ ಸರಿಯುತ್ತಿತ್ತು. ನನ್ನ ಗಂಡ ಕೈ ಎತ್ತಿದರು. ಜನ ಬೈದರು. ದೋಸ್ತನೂ ಏನೂ ಆಗಿಲ್ಲವೆಂದು ವಾದಿಸಿದ. ಡಾಕ್ಟರು ಅವನ ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿ ಕೂರಿಸಿಬಿಟ್ಟರು. ಅವನ ತಂಡ ಸೋತಿತು.

ಬೆಂಚಿನ ಮೇಲೆ ನನ್ನ ಗಂಡ ಅವನ ಪಕ್ಕ ಕುಳಿತು, ಹಣೆಯ ಮೇಲೆ ಒದ್ದೆ ಟವೆಲ್ ಒತ್ತಿ ಹಿಡಿದುಕೊಂಡು ಕೇಳುತ್ತಿದ್ದರು: ಇವತ್ತು ಯಾವ ವಾರ, ಇದು ಯಾವ ಊರು, ನಾ ಯಾರು. ಅವನು ಒಂದೊಂದಕ್ಕೂ ಉತ್ತರ ಹೇಳಿ, ಕೊನೆಯದಕ್ಕೆ ಅಳುತ್ತ ನಕ್ಕ. ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತಿದ್ದ ನಾನು ಆ ಕೈಯನ್ನೇ ನೋಡುತ್ತಿದ್ದೆ. ಅಷ್ಟು ಮೆತ್ತಗೆ ಅದು ನನ್ನ ಹಣೆಯ ಮೇಲೆ ಎಂದೂ ಬಂದಿರಲಿಲ್ಲ. ಅವರು ಮಾಡಿದ್ದು ಸರಿಯೆಂದು ನನಗೆ ಗೊತ್ತಿತ್ತು, ಹೆಮ್ಮೆಯೂ ಆಯಿತು. ಹೊಟ್ಟೆಕಿಚ್ಚು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಅವರು ನನ್ನ ಹೆಗಲ ಮೇಲೆ ನಿದ್ದೆ ಹೋದರು. ಅವರ ಫೋನು ರಿಂಗಾಯಿತು. ದೋಸ್ತನದು. ಎತ್ತದೆ ಬಿಡಬಹುದಿತ್ತು. ಎತ್ತಿ, ಮಲಗಿದ್ದಾರೆ ಎಂದೆ. ಸರಿರಿ ವೈನಿ ಎಂದವನು ಫೋನು ಇಡಲಿಲ್ಲ. ತಲೆ ಹೇಗಿದೆ ಎಂದು ಕೇಳಿದೆ.

"ಸಿಡ್ಯಾಕತ್ತೈತ್ರಿ. ಮನ್ಯಾಗ ಯಾರಿಗೂ ಹೇಳಿಲ್ಲ."

"ಅವ್ವಗ ಹೇಳು. ದೀಪಾ ಆರಿಸಿ ಮಲಕೋ, ಫೋನ್ ನೋಡಬ್ಯಾಡ. ನಾಳೆ ದವಾಖಾನಿಗೆ ಹೋಗಿ ಬಂದು ನನಗ ತಿಳಸು."

"ಅಂವಗ ಹೇಳಬ್ಯಾಡ್ರಿ ವೈನಿ. ಸುಮ್ಮನ ಕಾಳಜಿ ಮಾಡ್ತಾನ."

ಹೇಳುವುದಿಲ್ಲ ಎಂದೆ. ಅವರಿಬ್ಬರ ನಡುವಿನ ಒಂದು ಸಂಗತಿ ಈಗ ಇವರಿಗೆ ಗೊತ್ತಿಲ್ಲದೆ ನನ್ನ ಹತ್ತಿರ ಇತ್ತು. ಅದು ನನಗೆ ಒಳಗೊಳಗೆ ಖುಷಿ ಕೊಟ್ಟಿತು. ಆದರೆ ಹೀಗೆ ಮುಚ್ಚಿಟ್ಟದ್ದೇ ಇವರ ತಲೆಯನ್ನು ಇಲ್ಲಿಗೆ ತಂದಿತ್ತು; ಜಮಖಂಡಿ ಬರುವಷ್ಟರಲ್ಲಿ ಮನಸ್ಸು ತಡೆಯಲಿಲ್ಲ. ಅವರನ್ನು ಎಬ್ಬಿಸಿ, ಅವನ ತಲೆನೋವಿನ ವಿಷಯ ಎಲ್ಲವನ್ನೂ ಹೇಳಿಬಿಟ್ಟೆ.