ತರಕಾರಿ ಲಾರಿಯ ಮೇಲೆ ಜರ್ಮನ್ ಕಾರು

ಧಾರವಾಡದಿಂದ ಬಂದು ಪಣಜಿಯಲ್ಲಿ ನೆಲೆಸಿದ ರಘೋತ್ತಮರಾಯರು ವಿಮಾ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಒಂದೇ: ಜಖಂಗೊಂಡ ವಾಹನಗಳ ಸವಕಳಿ ಕಳೆದು ಉಳಿದ ಬೆಲೆ ಬರೆಯುವುದು. ಹಳತಾದಂತೆ ಬೆಲೆ ಇಳಿಯುವ ಈ ಸವಕಳಿಯ ರೇಖೆ ಮೊದಲ ವರ್ಷಗಳಲ್ಲಿ ಕಡಿದಾಗಿ ಇಳಿದು, ಆಮೇಲೆ ನೆಲಕ್ಕೆ ಸಮನಾಗಿ ಮಲಗುತ್ತದೆಂಬುದು ಅವರಿಗೆ ಬಾಯಿಪಾಠ. ಹೀಗಾಗಿ ೨೦೦೭ರಲ್ಲಿ ಕಲಂಗುಟ್‌ನ ಹೋಟೆಲ್ ಮಾಲೀಕನೊಬ್ಬ ತನ್ನ ಹನ್ನೊಂದು ವರ್ಷದ ಜರ್ಮನ್ ಕಾರನ್ನು ಹೊಸ ಸಣ್ಣ ಕಾರಿಗಿಂತ ಅಗ್ಗಕ್ಕೆ ಕೊಡಲು ಒಪ್ಪಿದಾಗ, ರಾಯರು ಕೊಂಡೇಬಿಟ್ಟರು.

"ಇನ್ನ ಇದರ ಬೆಲಿ ಇಳಿಯೂದಿಲ್ಲ. ಇಳೀಲಿಕ್ಕೆ ಜಾಗಾನ ಉಳದಿಲ್ಲ," ಎಂದು ಹೆಂಡತಿ ಯಮುನಾಬಾಯಿಗೆ ವಿವರಿಸಿದರು.

ವಾದ ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು. ಕಾರಿಗೆ ವಯಸ್ಸಾಗಿತ್ತು, ಅದರ ಬಿಡಿಭಾಗಗಳ ಬೆಲೆಗೆ ಆಗಿರಲಿಲ್ಲ. ಒಂದು ಹೆಡ್‌ಲೈಟು ಅವರ ತಿಂಗಳ ಸಂಬಳವನ್ನು ನುಂಗಿತು. ಮೂರನೆಯ ತಿಂಗಳಿಂದ ರಾಯರು ಸ್ಕೂಟರಿನಲ್ಲೇ ಕಚೇರಿಗೆ ಹೋಗತೊಡಗಿದರು. ಭಾನುವಾರ ಮಾತ್ರ, ನಿಂತ ಕಾರಿನಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರು. ಓಡದ ಕಾರು ಸವೆಯುವುದಿಲ್ಲ.

ಮರುವರ್ಷ ಯಮುನಾಬಾಯಿ ಷರತ್ತು ಹಾಕಿದರು: "ಈ ನಾಗರ ಪಂಚಮಿಗೆ ನನ್ನ ಇದರಾಗ ಕೂಡಿಸಿ ಧಾರವಾಡಕ್ಕ ತವರಮನಿ ಮುಟ್ಟಸ್ರಿ. ಮುಟ್ಟಿದ್ರ ಗಾಡಿ ಇರ್ಲಿ. ಇಲ್ಲಾಂದ್ರ ಗುಜರಿಗೆ."

ಮೊಲೆಂ ತಲುಪುವಷ್ಟರಲ್ಲಿ, ಘಟ್ಟ ಶುರುವಾಗುವ ಮೊದಲೇ, ಉಷ್ಣತೆಯ ಮುಳ್ಳು ಕೆಂಪಿಗೇರಿತು. ರಾಯರು ಎಂಜಿನ್ ಆರಿಸಿ ತಲೆಯ ಮೇಲೆ ಕೈಹೊತ್ತು ಕುಳಿತರು. ಗೋವೆಯಲ್ಲಿ ತರಕಾರಿ ಇಳಿಸಿ ಧಾರವಾಡಕ್ಕೆ ಮರಳುತ್ತಿದ್ದ ಚಾಲಕ ಶಹಾಬುದ್ದೀನ ಲಾರಿ ನಿಲ್ಲಿಸಿದ.

"ಸಾಹೇಬ್ರ, ಲಾರಿ ಖಾಲಿ ಹೊಂಟೈತಿ. ಗಾಡಿ ಹೇರ್ರಿ. ಡೀಸೆಲ್ ರೊಕ್ಕ ಕೊಟ್ರ ಸಾಕು."

ಕಾರು ತಾನೇ ಓಡಿದ್ದರೆ ಕುಡಿಯುತ್ತಿದ್ದ ಪೆಟ್ರೋಲಿಗಿಂತ ಅದು ಕಡಿಮೆ. ರಾಯರ ಮುಖ ಅರಳಿತು. ಕಲ್ಲು ಹೇರುವವರು ಮಾಡಿಟ್ಟಿದ್ದ ಮಣ್ಣಿನ ದಿಬ್ಬಕ್ಕೆ ಲಾರಿಯ ಬೆನ್ನು ಆನಿಸಿದರು.

"ಅಕ್ಕಾರ, ನೀವು ಮುಂದ ನನ್ನ ಕ್ಯಾಬಿನ್ನಿಗೆ ಬರ್ರಿ," ಎಂದ ಶಹಾಬುದ್ದೀನ.

"ಇದರಾಗ ಅಂತ ಹೇಳೇನಿ. ನಾ ಇಳಿಯೂದಿಲ್ಲ," ಎಂದರು ಯಮುನಾಬಾಯಿ.

ರಾಯರು ಸ್ಟಿಯರಿಂಗ್ ಹಿಡಿದು ಕುಳಿತರು. ಕಲ್ಲು ಹೇರುವವರು ದಂಪತಿಗಳ ಸಮೇತ ಕಾರನ್ನು ಒಳಕ್ಕೆ ನೂಕಿದ ಮೇಲೆ, ಲಾರಿಯ ಹಲಗೆಗಳ ನಡುವೆ ಕಾರಿನ ಬಾಗಿಲು ನಾಲ್ಕು ಬೆರಳಿನಷ್ಟೇ ತೆರೆಯುತ್ತದೆಂದು ತಿಳಿಯಿತು. ಅಷ್ಟರಲ್ಲಿ ಲಾರಿ ಹೊರಟಿತ್ತು.

ಲಾರಿಯ ಲೆಕ್ಕದಲ್ಲಿ ಕಾರು ನಿಂತಿತ್ತು. ರಸ್ತೆಯ ಲೆಕ್ಕದಲ್ಲಿ ಘಟ್ಟ ಏರುತ್ತಿತ್ತು. ಷರತ್ತು ಯಾವ ಲೆಕ್ಕದ್ದೆಂದು ಭೌತವಿಜ್ಞಾನ ಹೇಳಲಾರದು, ಯಮುನಾಬಾಯಿಯವರೇ ಹೇಳಬೇಕು. ಅವರು ಕಿಟಕಿಯಿಂದ ಕಣಿವೆಯನ್ನು ನೋಡುತ್ತಿದ್ದರು.

ಧಾರವಾಡದ ಓಣಿಯಲ್ಲಿ ಯಮುನಾಬಾಯಿಯ ತಮ್ಮ ಪವಮಾನ ನೆರೆಯವರೊಂದಿಗೆ ಕಾದಿದ್ದ.

"ಭಾವಾ, ನೀವು ಗಾಡಿ ತಂದೀರೋ, ಗಾಡಿಗೇ ಗಾಡಿ ಮಾಡಸೀರೋ?"

"ಮದಲ ಇಳಸಪಾ!" ಎಂದರು ರಾಯರು.

ಕಾರು ಇಳಿಸಲು ಓಣಿಯಲ್ಲಿ ದಿಬ್ಬವಿರಲಿಲ್ಲ. ಶಹಾಬುದ್ದೀನ ಹುಡುಕಿಕೊಂಡು ಹೋದ. ಪವಮಾನ ಲಾರಿಯ ಗಾಲಿ ಹತ್ತಿ, ಕಾರಿನ ಕಿಟಕಿಯೊಳಗೆ ಚಹಾ ಮತ್ತು ಪಂಚಮಿಯ ಉಂಡಿ ಕೊಟ್ಟ.

"ಮುಟ್ಟೇದಲ್ಲ?" ಎಂದರು ರಾಯರು, ಸಣ್ಣ ದನಿಯಲ್ಲಿ.

ಯಮುನಾಬಾಯಿ ಉಂಡಿ ಮುರಿದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದರು. "ಹೂಂ, ಮುಟ್ಟೇದ. ಇರ್ಲಿ ಗಾಡಿ."

ರಾಯರು ಉಬ್ಬಿಹೋಗಿ ಮೀಟರು ತೋರಿಸಿದರು. "ನೋಡಿಲ್ಲೆ! ಮೊಲೆಂನಾಗ ಎಷ್ಟಿತ್ತೋ ಅಷ್ಟ ಅದ. ಒಂದು ಕಿಲೋಮೀಟರೂ ಸವದಿಲ್ಲ!"

"ಹಂಗಿದ್ರ ಮುಂದಿನ ಪಂಚಮಿಗೂ ಶಹಾಬುದ್ದೀನಗ ಈಗ ಹೇಳಿಬಿಡ್ರಿ," ಎಂದರು ಯಮುನಾಬಾಯಿ, ಖಾಲಿ ಲೋಟವನ್ನು ತಮ್ಮನಿಗೆ ಚಾಚುತ್ತ. "ಖರೇ, ಬಾಗಲಾ ತೆರಿಯೂವಷ್ಟು ಅಗಲ ಲಾರಿ ತಾ ಅನ್ರಿ."