ಅಪ್ಪ ಕೊಳ್ಳದ ಹಾರ್ಮೋನಿಯಂ

ಎರಡನೇ ಮಹಾಯುದ್ಧದ ಆ ವರ್ಷಗಳನ್ನು ಕಂಡವರಿಗೆ ಗೊತ್ತು, ಸಕ್ಕರೆ ಸೀಮೆಎಣ್ಣೆಗೆ ಪರದಾಡುತ್ತಿದ್ದ ಕಾಲದಲ್ಲೇ ಬೆಂಗಳೂರು ಸೀಮೆಯ ನಮ್ಮ ವಿಜಯಪುರದ ಸುತ್ತಿನ ಹಳ್ಳಿಗಳಲ್ಲಿ ಕಾಸು ಓಡಾಡುತ್ತಿತ್ತು. ಆಕಾಶದಿಂದ ಸಿಪಾಯಿಗಳು ಇಳಿಯುವ ಕೊಡೆಗೆ ನಮ್ಮ ರೇಷ್ಮೆಯೇ ಬೇಕಂತೆ ಎಂದು ಜನ ಹೇಳುತ್ತಿದ್ದರು. ನಿಜವೋ ಸುಳ್ಳೋ, ಗೂಡಿಗೆ ಬೆಲೆಯಂತೂ ಬಂದಿತ್ತು. ನನಗಾಗ ಒಂಬತ್ತು ವರ್ಷ.

ಕಾಸು ಬಂದರೆ ಅಪ್ಪನ ಕೈ ನಿಲ್ಲುತ್ತಿರಲಿಲ್ಲ. ಹಿಂದಿನ ದೀಪಾವಳಿಗೆ ಲಂಗದ ಬಟ್ಟೆ ತರುತ್ತೇನೆಂದು ಬೆಂಗಳೂರಿಗೆ ಹೋದವನು ಗೋಡೆ ಗಡಿಯಾರ ಹೊತ್ತು ಬಂದಿದ್ದ. ಮನೆಯಲ್ಲಿ ಯಾರಿಗೂ ಗಂಟೆ ನೋಡಲು ಬರುತ್ತಿರಲಿಲ್ಲ. ಸಂಕ್ರಾಂತಿಗೆ ಮುಂಚೆಯೇ ಅದು ನಿಂತುಹೋಯಿತು. ಅವ್ವನಿಗೋ ಬಾವಿ ಪಕ್ಕದ ಹೊಲದ ಮೇಲೆ ಕಣ್ಣು. ಅದನ್ನು ಕೊಂಡು ಹಿಪ್ಪುನೇರಳೆ ಹಾಕಬೇಕೆಂಬ ಹಟ. ಹಾಗಾಗಿ ಈ ಸಲ ಹಬ್ಬಕ್ಕೆ ತಿಂಗಳಿರುವಾಗಲೇ ನಮ್ಮೆಲ್ಲರನ್ನೂ ದೇವರ ಮುಂದೆ ನಿಲ್ಲಿಸಿ ದೀಪ ಮುಟ್ಟಿಸಿ ಆಣೆ ಮಾಡಿಸಿದಳು.

"ಸಂತೇಲಿ ಏನೇ ಕಣ್ಣಿಗೆ ಬಿದ್ರೂ ಅವತ್ತೇ ತಗೊಳ್ಳಂಗಿಲ್ಲ. ಮೂರನೇ ಸಂತೆಗೂ ಬೇಕು ಅನ್ಸಿದ್ರೆ ಆಗ ನೋಡಾನ."

"ನಂಗೂನಾ?" ಅಪ್ಪ ನಕ್ಕ.

"ಮೊದ್ಲು ನಿಮ್ಗೇ."

ಮೊದಲ ಸಂತೆಯಲ್ಲಿ ನಾನು ಕೆಂಪು ರಿಬ್ಬನ್ ಕೇಳಿದೆ, ತಮ್ಮ ತುತ್ತೂರಿ ಕೇಳಿದ. ಇಬ್ಬರಿಗೂ "ಮೂರನೇ ಸಂತೆ" ಎಂಬ ಒಂದೇ ಉತ್ತರ. ನೂಲು ಬಿಚ್ಚುವ ಒಲೆಗಳಿಂದ ಬೆಂದ ಹುಳದ ನಾತ, ಅದರ ಮೇಲೆ ಬಿಸಿ ಬೋಂಡದ ಘಮ. ಬೋಂಡವೂ ಇಲ್ಲ. ಸಿಟ್ಟಿನಿಂದ ಕಾಲೆಳೆಯುತ್ತಾ ನಡೆಯುತ್ತಿದ್ದವಳು ತಿರುಗಿ ನೋಡಿದರೆ ಅಪ್ಪ ಹಿಂದಿರಲಿಲ್ಲ.

ಹಗ್ಗ ಮಾರುವವನ ಪಕ್ಕದಲ್ಲಿ ಒಬ್ಬ ಮುದುಕ ಗೋಣಿತಾಟಿನ ಮೇಲೆ ಹಳೆಯ ಹಾರ್ಮೋನಿಯಂ ಇಟ್ಟುಕೊಂಡಿದ್ದ. ಅವನ ನಾಟಕದ ಮೇಳ ಮುರಿದುಬಿದ್ದಿತ್ತಂತೆ. ಅಪ್ಪ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮದುವೆಗೆ ಮುಂಚೆ ಪಕ್ಕದ ಆವತಿಯಲ್ಲಿ ನಾಟಕದ ಮೇಷ್ಟ್ರ ಹಿಂದೆ ಸುತ್ತಿ ಕಲಿತಿದ್ದ ಒಂದೇ ಒಂದು ಪದವನ್ನು ನುಡಿಸುತ್ತಿದ್ದ. ಕಣ್ಣು ಮುಚ್ಚಿತ್ತು. ಬೇರೆಯವರ ಅಪ್ಪನ ಹಾಗೆ ಕಾಣುತ್ತಿದ್ದ. ಸುತ್ತ ಜನ ನಿಂತಿದ್ದರು.

"ಏಳ್ರಿ," ಅಂದಳು ಅವ್ವ. "ದೀಪ ಮುಟ್ಟಿದ್ದು ಮರ್ತೋಯ್ತಾ?"

ಅಪ್ಪ ಎದ್ದ. ಧೂಳು ಕೊಡವಿಕೊಂಡು, "ಇನ್ನೆರಡು ಸಂತೆ ಕಾಯ್ತೀಯೇನಪ್ಪಾ?" ಎಂದು ಮುದುಕನನ್ನು ಕೇಳಿದ.

"ಆದಷ್ಟು ಕಾಯ್ತೀನಿ ಸ್ವಾಮಿ."

ಎರಡನೇ ಸಂತೆಯಲ್ಲೂ ಅಪ್ಪ ಕೂತ, ನುಡಿಸಿದ, ಎದ್ದು ಬಂದ. ಆ ವಾರವೆಲ್ಲ ಸೊಪ್ಪು ಹೆಚ್ಚುವಾಗ, ಹುಳಕ್ಕೆ ಹಾಕುವಾಗ ಅದೇ ಪದ ಗುನುಗುತ್ತಿದ್ದ. ನನಗೆ ರಿಬ್ಬನ್ನಿನ ಆಸೆಯೇ ಹೋಗಿಬಿಟ್ಟಿತು.

"ಅವ್ವಾ, ನಂಗೆ ಹಬ್ಬಕ್ಕೆ ಲಂಗ ಬ್ಯಾಡ. ಅಪ್ಪಂಗೆ ಅದನ್ನ ಕೊಡ್ಸು."

"ನಿನ್ ಲಂಗದ ದುಡ್ಡಿಗೆ ಅದ್ರ ಮುಚ್ಚಳಾನೂ ಬರಲ್ಲ, ಹೋಗೇ," ಎಂದಳು. ಆದರೆ ಮೂರನೇ ಸಂತೆಯ ಬೆಳಿಗ್ಗೆ ಅವಳು ಮಡಕೆಯಿಂದ ನೋಟು ತೆಗೆದು ಸೆರಗಿಗೆ ಗಂಟು ಹಾಕಿಕೊಂಡದ್ದನ್ನು ನಾನು ನೋಡಿದೆ. ದಾರಿಯುದ್ದಕ್ಕೂ ನನಗೆ ಕುಂಟೆಬಿಲ್ಲೆ ಆಡಿಕೊಂಡೇ ಹೋಗುವಷ್ಟು ಖುಷಿ.

ಹಗ್ಗದವನ ಪಕ್ಕ ಬರೀ ನೆಲವಿತ್ತು.

"ಮೊನ್ನೆ ಹೊಸಕೋಟೆ ಕಡೆಯೋರು ಬಂದು ಅವ್ನ ಮನೇಗೇ ಹೋಗಿ ತಗೊಂಡೋದ್ರು ಕಣಮ್ಮ," ಅಂದ ಹಗ್ಗದವನು. "ಮಗ್ಳಿಗೆ ಉಷಾರಿರ್ಲಿಲ್ವಂತೆ. ಅವನೇನು ಮಾಡಾನು, ಪಾಪ."

ಅವ್ವ ಸೆರಗಿನ ಗಂಟು ಹಿಡಿದುಕೊಂಡೇ ನಿಂತಳು. ಅಪ್ಪ ಆ ಗಂಟನ್ನು ನೋಡಿದ, ಅವ್ವನ ಮುಖ ನೋಡಿದ.

"ಒಳ್ಳೇದೇ ಆಯ್ತು ಬುಡು. ದುಡ್ಡು ಉಳೀತು."

ನನಗೆ ತಡೆಯಲಾಗಲಿಲ್ಲ. "ನಿನ್ ಮೂರು ಸಂತೆ ಮಣ್ಣಾಗ್ಲಿ!" ಎಂದು ಸಂತೆಯ ನಡುವೆಯೇ ಕಿರುಚಿದೆ. ಬೇರೆ ದಿನವಾಗಿದ್ದರೆ ಬೆನ್ನ ಮೇಲೆ ಬೀಳುತ್ತಿತ್ತು. ಅವತ್ತು ಅವ್ವ ಸುಮ್ಮನೆ ನನ್ನ ಕೈ ಹಿಡಿದುಕೊಂಡಳು. ನಾನು ಕಿತ್ತುಕೊಂಡೆ. ಹಬ್ಬದ ದಿನ ಎಣ್ಣೆಸ್ನಾನಕ್ಕೆ ಕೂರಲು ಸತಾಯಿಸಿದೆ, ಹೊಸ ಲಂಗ ಉಡಲಿಲ್ಲ, ಕಜ್ಜಾಯ ಮುಟ್ಟಲಿಲ್ಲ. ಅಪ್ಪನೇ ಬಂದು "ತಿನ್ನು ಮಗಾ, ಅವ್ಳ ಮ್ಯಾಲೆ ಯಾಕೆ ಸಿಟ್ಟು?" ಎಂದಾಗ ಅವನ ಮೇಲೂ ಸಿಟ್ಟು ಬಂತು.

ಮುಂದಿನ ವರ್ಷ ಬಾವಿ ಪಕ್ಕದ ಹೊಲ ನಮ್ಮದಾಯಿತು. ಯುದ್ಧ ಮುಗಿದು ಗೂಡಿನ ಬೆಲೆ ನೆಲಕಚ್ಚಿದಾಗ ಅಲ್ಲಿ ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದೆವು, ಹೊಟ್ಟೆಗೆ ತೊಂದರೆಯಾಗಲಿಲ್ಲ. ಊರೆಲ್ಲ ಅವ್ವನನ್ನು ಹೊಗಳಿತು. ಅವ್ವ ಮಾಡಿದ್ದು ಸರಿಯೇ. ಇಷ್ಟು ವಯಸ್ಸಾದರೂ ನನ್ನನ್ನು ಕೆರಳಿಸುವುದು ಅದೇ: ತಪ್ಪು ಹೊರಿಸಲು ಯಾರೂ ಸಿಗುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಹಬ್ಬ ಬಂತೆಂದರೆ ಬೇಕು ಅನ್ನುವ ಮೊದಲೇ ಸಾಮಾನು ಬಂದು ಬೀಳುತ್ತದೆ. ಮೊಮ್ಮಕ್ಕಳು ಪೊಟ್ಟಣ ಬಿಚ್ಚಿ ಮೂಲೆಗೆಸೆಯುವಾಗ, ತಡೀರಿ, ಯೋಚನೆ ಮಾಡಿ ಎನ್ನಲು ಬಾಯಿ ತೆರೆಯುತ್ತೇನೆ. ಹಾಗೇ ಮುಚ್ಚಿಕೊಂಡು, ಎಸೆದ ಪೊಟ್ಟಣದ ಕಾಗದ ಮಡಿಸಿಡುತ್ತೇನೆ.

ಆ ದೀಪಾವಳಿಯ ನಂತರ ಅಪ್ಪ ಸಂತೆಗೆ ಹೋದರೆ ಹೇಳಿದ್ದನ್ನಷ್ಟೇ ತರುತ್ತಿದ್ದ. ಕೆಲವು ಹಬ್ಬಗಳಲ್ಲಿ ಅವ್ವನೇ, "ನಿಮ್ಗೇನಾರ ಬೇಕಿದ್ರೆ ತಗೊಳ್ರಿ," ಎಂದು ಒತ್ತಾಯ ಮಾಡುತ್ತಿದ್ದಳು.

"ನಂಗೇನು ಬೇಕೇ?" ಅನ್ನುತ್ತಿದ್ದ. ಕುಹಕವಿರಲಿಲ್ಲ, ನಿಜವಾಗಿಯೂ ಯೋಚಿಸಿ ಹೇಳುತ್ತಿದ್ದ.

ಹಾಗೆಯೇ ಇನ್ನೂ ಮೂವತ್ತು ವರ್ಷ ಬದುಕಿದ.