ಮುಟ್ಟದ ಕಾಫಿ ಬಟ್ಟಲು

ಕರಕ್ ಸೀಮೆಯಲ್ಲಿ ಅತಿಥಿ ಕಾಫಿ ಬಟ್ಟಲನ್ನು ಮುಟ್ಟದೆ ಕೆಳಗಿಟ್ಟರೆ ಒಂದೇ ಅರ್ಥ: ನನ್ನ ಬೇಡಿಕೆ ನಡೆಸಿಕೊಡು, ಆಮೇಲೆ ಕುಡಿಯುತ್ತೇನೆ. ಮನೆಯವನು 'ಕುಡಿ' ಅಂದನೋ, ಅದು ಕಲ್ಲಿನಲ್ಲಿ ಕೊರೆದ ಮಾತು.

ರಾತಿಬ್ ವಕೀಲರು ಇಪ್ಪತ್ತು ವರ್ಷ ಕೋರ್ಟಿನಲ್ಲಿ ಬರೀ ವಾಯಿದೆ ಕೇಳಿಯೇ ಹೊಟ್ಟೆ ಬೆಳೆಸಿದವರು. ವಾಯಿದೆ ಕಾದು ಕಾದು ಕಕ್ಷಿದಾರರೆಲ್ಲ ಸತ್ತು ಮುಗಿದ ಮೇಲೆ ಪುರಸಭೆಗೆ ನಿಂತು ಗೆದ್ದು ಅಧ್ಯಕ್ಷರಾದರು. ಆಮೇಲೆ ಬಟ್ಟಲು ಕೆಳಗಿಟ್ಟವರ ಮೂಗಿಗೆಲ್ಲ ಒಂದೇ ತುಪ್ಪ: "ಕುಡೀರಪ್ಪಾ, ಆರಿಹೋಗುತ್ತೆ. ನಿಮ್ಮ ಕೆಲಸ ಆಯ್ತು ಅಂದ್ಕೊಳ್ಳಿ!" ಕುರಿ ಸಾಕುವ ಮುದುಕ ಅಬು ಸತ್ತಾಮ್ ತನ್ನ ಓಣಿಯ ನೀರಿನ ಪೈಪಿಗಾಗಿ ನಾಲ್ಕು ವರ್ಷದಲ್ಲಿ ಒಂಬತ್ತು ಬಟ್ಟಲು ಕಾಫಿ ಕುಡಿದ. ನೀರು ಮಾತ್ರ ಹನಿಯೂ ಬರಲಿಲ್ಲ.

ಮತ್ತೆ ಚುನಾವಣೆ ಬಂತು. ವಕೀಲರು ಅಬು ಸತ್ತಾಮನ ಮನೆಗೇ ಬಂದು, ಕೊಟ್ಟ ಬಟ್ಟಲನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

"ನಿಮ್ಮ ಮನೆತನದ ಇನ್ನೂರು ಓಟು ನಂದೇ ಅಂತ ನೀವು ಅನ್ನೋವರೆಗೂ ನಾನಿದನ್ನ ಮುಟ್ಟಲ್ಲ, ಯಜಮಾನ್ರೇ."

ಮುದುಕ ಮೀಸೆಯಲ್ಲೇ ನಕ್ಕ. "ಕುಡೀರಪ್ಪಾ, ಆರಿಹೋಗುತ್ತೆ. ನಿಮ್ಮ ಕೆಲಸ ಆಯ್ತು ಅಂದ್ಕೊಳ್ಳಿ!"

ಆ ಮಾತಿನ ಬೆಲೆ ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ವಕೀಲರಿಗೇ ಗೊತ್ತಿತ್ತು. ಕಾಫಿ ಕೈಯಲ್ಲೇ ಆರಿಹೋಯಿತು.